ಬಾವಿಯ ತಳದ ಕುರುಡು ಒಕ್ಕಲು
(ಅಂತರ್ಜಲದ ಸಮಪಾದಿ ಪ್ರಾಣಿ : ಅಂಗರಚನೆಯ ಒಂದು ಪಾಠ)

ಬೇಸಿಗೆ ಬಂತೆಂದರೆ ನಾವು ಬೆಳೆಗಾರರು ದಿನಕ್ಕೆರಡು ಬಾರಿಯಾದರೂ ಬಾವಿಯೊಳಕ್ಕೆ ಇಣುಕಿ ನೋಡುತ್ತೇವೆ. ನೀರು ಎಷ್ಟು ಮೊಳ ಇಳಿಯಿತು, ಇನ್ನೆಷ್ಟು ದಿನ ತೋಟಕ್ಕೆ ಸಾಕಾದೀತು ಎಂಬುದಷ್ಟೆ ನಮ್ಮ ಲೆಕ್ಕ. ಆ ನೀರಿನಲ್ಲಿ ಯಾರು ವಾಸವಾಗಿದ್ದಾರೆ ಎಂಬ ಪ್ರಶ್ನೆ ಮನಸ್ಸಿಗೆ ಬರುವುದಿಲ್ಲ. ಕಣ್ಣಿಗೆ ಬೀಳುವ ಕಪ್ಪೆ, ಆಮೆ, ಒಂದೆರಡು ಮೀನು ಮೇಲಿನಿಂದ ಬಿದ್ದವು, ಇಲ್ಲವೆ ನಾವೇ ತಂದು ಬಿಟ್ಟವು. ಬಾವಿಯನ್ನು ತುಂಬುವ ಒರತೆಯ ಹಿಂದೆ, ಮರಳಿನ ಮತ್ತು ಕಲ್ಲಿನ ಸಂದುಗಳಲ್ಲಿ, ಸೂರ್ಯನ ಬೆಳಕನ್ನು ಎಂದೂ ಕಾಣದೆ ಬಾಳುವ ಮೂಲ ಒಕ್ಕಲುಗಳು ಬೇರೆಯೇ ಇವೆ.

ಅಂಥ ಒಂದು ಪ್ರಾಣಿಯ ದೇಹರಚನೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಅಡಿಕೆ, ಕಾಫಿಯ ಪತ್ರಿಕೆಯಲ್ಲಿ ಹುಳದ ಪಾಠವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣವಿಷ್ಟೆ: ಈ ಪ್ರಾಣಿಯ ಒಂದೊಂದು ಅಂಗವೂ ಅಂತರ್ಜಲದ ಒಂದೊಂದು ಗುಣವನ್ನು ಹೇಳುತ್ತದೆ. ನಾವು ಕುಡಿಯುವುದೂ ತೋಟಕ್ಕೆ ಹಾಯಿಸುವುದೂ ಅದೇ ನೀರನ್ನು. ಆ ನೀರಿಗೆ ಮೇಲಿನಿಂದ ಏನು ಸೇರಬಾರದು ಎಂಬುದೂ ಈ ಪಾಠದಿಂದ ತಿಳಿಯುತ್ತದೆ.

ಕಾಶಿಯ ಬಾವಿಗಳಲ್ಲಿ ಸಿಕ್ಕಿದ್ದು

1950ರಲ್ಲಿ ಪ್ರಾಣಿವಿಜ್ಞಾನಿಗಳಾದ ಬಿ. ಚೋಪ್ರಾ ಮತ್ತು ಕೆ. ಕೆ. ತಿವಾರಿ ಅವರು ಕಾಶಿಯ ಬಾವಿಗಳಲ್ಲಿ ದೊರೆತ ಒಂದು ಹೊಸ ಪ್ರಾಣಿಯನ್ನು ವಿವರಿಸಿ ಪ್ರಕಟಿಸಿದರು. ಇಂಥ ಪ್ರಾಣಿಗಳ ಬಗ್ಗೆ ಆಸ್ಟ್ರೇಲಿಯದಲ್ಲಿ ದೊಡ್ಡ ಕೆಲಸ ಮಾಡಿದ್ದ ನಿಕೋಲ್ಸ್ ಎಂಬ ವಿಜ್ಞಾನಿಯ ಗೌರವಾರ್ಥವಾಗಿ, ಮತ್ತು ಸಿಕ್ಕಿದ ಊರಿನ ನೆನಪಿಗಾಗಿ, ಅದಕ್ಕೆ ‘ನಿಕೋಲ್ಸಿಯ ಕಾಶಿಯೆನ್ಸೆ’ ಎಂದು ಹೆಸರಿಟ್ಟರು. 1955ರಲ್ಲಿ ತಿವಾರಿಯವರು ಇದೇ ಕುಲದ ಇನ್ನೊಂದು ಜಾತಿಯನ್ನು ವರ್ಣಿಸಿದರು. ಆ ಬಳಿಕ ಬಹುಕಾಲ ಈ ಗುಂಪಿನ ಹೊಸ ಸದಸ್ಯರು ನಮ್ಮ ದೇಶದಲ್ಲಿ ವರದಿಯಾಗಲಿಲ್ಲ. 2011ರಲ್ಲಿ ಆಂಧ್ರದ ಗುಂಟೂರು ಸೀಮೆಯ ಗುತ್ತಿಕೊಂಡ ಗುಹೆಯ ನೀರಿನಿಂದ ‘ಆಂಧ್ರಕಾಯ್ಡಿಸ್ ಶಬುದ್ದೀನ್’ ಎಂಬ ಹತ್ತಿರದ ನಂಟನನ್ನು ಆಸ್ಟ್ರೇಲಿಯದ ಜಿ. ವಿಲ್ಸನ್ ಮತ್ತು ಆಚಾರ್ಯ ನಾಗಾರ್ಜುನ ವಿಶ್ವವಿದ್ಯಾಲಯದ ವೈ. ರಂಗಾರೆಡ್ಡಿ ಅವರು ಲೋಕಕ್ಕೆ ಪರಿಚಯಿಸಿದರು.

ಈ ಗುಂಪಿನ ಮೊದಲ ಹೆಸರು ಬಂದದ್ದೂ ಬಾವಿಯಿಂದಲೇ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ಬಯಲಿನ ಐರಟನ್ ಎಂಬಲ್ಲಿ ಬಾವಿಯ ಪಂಪಿನ ನೀರಿನೊಂದಿಗೆ ಬಿಳಿಯ ಕುರುಡು ಪ್ರಾಣಿಗಳು ಹೊರಬರುತ್ತಿದ್ದುದನ್ನು ಚಾರ್ಲ್ಸ್ ಚಿಲ್ಟನ್ ಎಂಬವರು ಗಮನಿಸಿ ಸಂಗ್ರಹಿಸಿದರು. 1883ರಲ್ಲಿ ಅವುಗಳಲ್ಲೊಂದಕ್ಕೆ ‘ಫ್ರಿಯಾಟಾಯ್ಕಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಫ್ರಿಯಾರ್’ ಎಂದರೆ ಬಾವಿ, ‘ಆಯ್ಕೋಸ್’ ಎಂದರೆ ಮನೆ. ಬಾವಿಯನ್ನೇ ಮನೆ ಮಾಡಿಕೊಂಡದ್ದು ಎಂದು ಅರ್ಥ. ಕಾಶಿಯ ಪ್ರಾಣಿ ಈ ಮನೆತನಕ್ಕೆ ಸೇರಿದ್ದು. ಪಾಠದ ಅನುಕೂಲಕ್ಕಾಗಿ ಈ ಗುಂಪನ್ನು ಮುಂದೆ ‘ಬಾವಿ ಸಮಪಾದಿ’ ಎಂದು ಕರೆಯೋಣ.

ಇದರ ಕುಲ ಯಾವುದು?

ಸಿಗಡಿ, ಏಡಿಗಳು ಸೇರಿರುವ ದೊಡ್ಡ ವರ್ಗಕ್ಕೆ ವಲ್ಕವಂತಗಳು ಎಂದು ಹೆಸರು. ಮೈಮೇಲೆ ಗಟ್ಟಿಯಾದ ಚಿಪ್ಪಿನಂಥ ಹೊದಿಕೆ, ಗಂಟುಗಂಟಾದ ಕಾಲುಗಳು, ಎರಡು ಜೊತೆ ಮೀಸೆ ಇವುಗಳ ಗುರುತು. ಅವುಗಳಲ್ಲಿ ಒಂದು ಗಣ ಸಮಪಾದಿಗಳು, ಅಂದರೆ ಐಸೊಪಾಡ್‌ಗಳು. ನಡೆಯುವ ಕಾಲುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಈ ಹೆಸರು.

ಸಮಪಾದಿಯನ್ನು ನೋಡಲು ಕಾಶಿಗೆ ಹೋಗಬೇಕಾಗಿಲ್ಲ. ತೋಟದಲ್ಲಿ ಕೊಳೆತ ಸೋಗೆಯನ್ನೊ ಹಳೆಯ ಹಲಗೆಯನ್ನೊ ಎತ್ತಿದಾಗ ಬೂದು ಬಣ್ಣದ, ಅಡ್ಡ ಪಟ್ಟಿಗಳ ಬೆನ್ನಿನ ಚಿಕ್ಕ ಹುಳುಗಳು ಅತ್ತಿತ್ತ ಓಡುತ್ತವಲ್ಲ, ಅವು ನೆಲದ ಸಮಪಾದಿಗಳು. ಕೆಲವು ಮುಟ್ಟಿದರೆ ಗುಂಡಾಗಿ ಸುತ್ತಿಕೊಳ್ಳುತ್ತವೆ. ಹಾಗೆ ಸುತ್ತಿಕೊಳ್ಳುವ ಚೋರಟೆಯ ಜಾತಿಗಳೂ ಇರುವುದರಿಂದ ಕಾಲು ಎಣಿಸಿ ನೋಡಬೇಕು. ಚೋರಟೆಗೆ ಹೆಚ್ಚಿನ ಪಟ್ಟಿಗಳಲ್ಲಿ ಎರಡೆರಡು ಜೊತೆ ಕಾಲು. ಬೆಳೆದ ಸಮಪಾದಿಗೆ ಒಟ್ಟು ಏಳೇ ಜೊತೆ.

ಅಂತರ್ಜಲದ ಸಮಪಾದಿಗಳು ಸಾಮಾನ್ಯವಾಗಿ ಒಂದು ಮಿಲಿಮೀಟರಿನಿಂದ ಹಿಡಿದು ಒಂದೂವರೆ ಸೆಂಟಿಮೀಟರಿನವರೆಗೆ ಇರುತ್ತವೆ. ಮರಳಿನ ಕಣಗಳ ನಡುವೆಯೇ ಬಾಳುವ ಕೆಲವು ಗುಂಪುಗಳು ರಾಗಿ ಕಾಳಿಗಿಂತ ಉದ್ದವಿಲ್ಲ, ದಾರದ ಎಳೆಯಂತೆ ಸಪೂರ. ಸಂದು ಎಷ್ಟು ಕಿರಿದೋ ದೇಹ ಅಷ್ಟು ಕಿರಿದು.

ಹೊರರಚನೆ: ಹತ್ತೊಂಬತ್ತು ಜೊತೆ ಉಪಾಂಗಗಳು

ಬಾವಿ ಸಮಪಾದಿಯ ದೇಹದಲ್ಲಿ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ. ಸಿಗಡಿಗೆ ಇರುವಂತೆ ತಲೆಯನ್ನೂ ಎದೆಯನ್ನೂ ಒಟ್ಟಾಗಿ ಮುಚ್ಚುವ ದೊಡ್ಡ ಚಿಪ್ಪು ಇದಕ್ಕಿಲ್ಲ. ಪಟ್ಟಿಗಳು ಒಂದರ ಹಿಂದೊಂದು ಬಿಡಿಬಿಡಿಯಾಗಿ ಕಾಣುತ್ತವೆ. ತೋಟದ ಸಮಪಾದಿ ರೊಟ್ಟಿಯಂತೆ ಮೇಲಿನಿಂದ ತಟ್ಟಿದ ಆಕಾರದ್ದು. ಬಾವಿ ಸಮಪಾದಿಯ ದೇಹ ಸಪೂರವಾಗಿ ಕೊಳವೆಯಂತೆ ಉದ್ದವಾಗಿದೆ. ಹೊಟ್ಟೆಯ ಭಾಗ ಮಾತ್ರ ಮೀನಿನಂತೆ ಎರಡು ಬದಿಯಿಂದ ಒತ್ತಿದ ಹಾಗಿರುತ್ತದೆ. ಬಣ್ಣವಿಲ್ಲ, ಮೈ ಬಿಳಿಚಿಕೊಂಡಿರುತ್ತದೆ. ಬಿಸಿಲೂ ಇಲ್ಲದ, ನೋಡುವ ಶತ್ರುವೂ ಇಲ್ಲದ ಕಡೆ ಬಣ್ಣಕ್ಕೆ ಕೆಲಸವಿಲ್ಲವಷ್ಟೆ.

1. ತಲೆ: ತಲೆ ಚಿಕ್ಕದು. ಎದೆಯ ಮೊದಲ ಪಟ್ಟಿ ಅದರೊಂದಿಗೆ ಬೆಸೆದುಕೊಂಡಿದೆ. ಕಣ್ಣಿಲ್ಲ. ಕಣ್ಣಿನ ಕೊರತೆಯನ್ನು ತುಂಬುವುದು ಎರಡು ಜೊತೆ ಮೀಸೆ. ಮುಂದಿನ ಜೊತೆ ಗಿಡ್ಡ. ಅದರ ತುದಿಯ ಭಾಗದಲ್ಲಿ ಸೂಕ್ಷ್ಮವಾದ ಕೊಳವೆಯಂಥ ರೋಮಗಳಿವೆ. ನೀರಿನಲ್ಲಿ ಕರಗಿರುವ ವಾಸನೆಯನ್ನು ಅವು ಗ್ರಹಿಸುತ್ತವೆ. ಎರಡನೆಯ ಜೊತೆ ಉದ್ದ. ಕತ್ತಲೆಯಲ್ಲಿ ಗೋಡೆ ಸವರಿಕೊಂಡು ನಡೆಯುವವನ ಕೈಯಂತೆ ಅವು ಮುಂದಿನ ದಾರಿಯನ್ನು ತಡಕುತ್ತವೆ.

ಬಾಯಿಯ ಸುತ್ತ ನಾಲ್ಕು ಜೊತೆ ಉಪಾಂಗಗಳು. ಮೊದಲ ಜೊತೆ ಗಟ್ಟಿ ದವಡೆಗಳು. ದವಡೆಯ ತುದಿಯ ಹಲ್ಲು ನಮ್ಮ ಅಡಕತ್ತರಿಯಂತೆ ಕತ್ತರಿಸುತ್ತದೆ. ಒಳಬದಿಯ ಉಬ್ಬು ಒರಳುಕಲ್ಲಿನಂತೆ ಅರೆಯುತ್ತದೆ. ಆಮೇಲೆ ಎರಡು ಜೊತೆ ತೆಳುವಾದ ಉಪದವಡೆಗಳು. ನಾಲ್ಕನೆಯದು ಎದೆಯ ಮೊದಲ ಪಟ್ಟಿಯ ಕಾಲುಗಳೇ. ನಡೆಯುವುದನ್ನು ಬಿಟ್ಟು ಅವು ಬಾಯಿಯ ಸೇವೆಗೆ ನಿಂತಿವೆ.

2. ಎದೆ: ಬಿಡಿಯಾಗಿರುವ ಪಟ್ಟಿಗಳು ಏಳು, ಕಾಲುಗಳು ಏಳು ಜೊತೆ. ಮೊದಲ ಜೊತೆಯ ತುದಿ ಅಗಲವಾಗಿದ್ದು ಅದರ ಉಗುರು ಹಿಂದಕ್ಕೆ ಮಡಚಿ ಚಿಮುಟದಂತೆ ಹಿಡಿಯುತ್ತದೆ. ಇನ್ನೊಂದು ವಿಶೇಷವನ್ನು ಗಮನಿಸಬೇಕು. ಮುಂದಿನ ನಾಲ್ಕು ಜೊತೆ ಕಾಲುಗಳು ಮುಂದಕ್ಕೆ ಚಾಚಿದ್ದರೆ ಹಿಂದಿನ ಮೂರು ಜೊತೆ ಹಿಂದಕ್ಕೆ ಚಾಚಿವೆ. ಇಕ್ಕಟ್ಟಾದ ಕೊರಕಲಿನಲ್ಲಿ ಸಾಗುವ ಪ್ರಾಣಿಗೆ ಹೀಗೆ ಎರಡು ಕಡೆಗೂ ಊರುಗೋಲು ಸಿಕ್ಕಿದಂತಾಗಿದೆ.

3. ಹೊಟ್ಟೆ: ಇಲ್ಲಿ ಆರು ಪಟ್ಟಿಗಳು. ಹೆಚ್ಚಿನ ಸಮಪಾದಿಗಳಲ್ಲಿ ಹೊಟ್ಟೆಯ ಪಟ್ಟಿಗಳು ಗಿಡ್ಡವಾಗಿಯೋ ಒಂದಕ್ಕೊಂದು ಬೆಸೆದುಕೊಂಡೋ ಇರುತ್ತವೆ. ಬಾವಿ ಸಮಪಾದಿಯಲ್ಲಿ ಮೊದಲ ಐದು ಪಟ್ಟಿಗಳು ಉದ್ದವಾಗಿ, ಬಿಡಿಯಾಗಿ ಉಳಿದಿವೆ. ಇದು ಹಳೆಯ ಕಾಲದ ಮಾದರಿ. ಪಟ್ಟಿಗಳ ಅಂಚು ಎರಡೂ ಬದಿಯಲ್ಲಿ ಕೆಳಕ್ಕೆ ಇಳಿದು ಮಾಡಿನ ಇಳಿಜಾರಿನಂತೆ ಒಳಗಿನ ಈಜುಗಾಲುಗಳಿಗೆ ಮರೆ ಕೊಡುತ್ತದೆ. ಈಜುಗಾಲುಗಳು ಐದು ಜೊತೆ, ಒಂದೊಂದೂ ಕವಲೊಡೆದ ತೆಳುವಾದ ಎಲೆಯಂತೆ. ಗಂಡಿನ ಎರಡನೆಯ ಜೊತೆಯಲ್ಲಿ ಒಂದು ಕಡ್ಡಿಯಂಥ ಭಾಗ ಹೆಚ್ಚಾಗಿರುತ್ತದೆ. ಗಂಡು ಹೆಣ್ಣುಗಳನ್ನು ಗುರುತಿಸುವುದು ಅದರಿಂದಲೇ. ಆರನೆಯ ಪಟ್ಟಿ ಬಾಲದ ತುಂಡಿನೊಂದಿಗೆ ಕೂಡಿಕೊಂಡಿದ್ದು, ಅದರ ಎರಡು ಬದಿಗೆ ಮೊನೆಯಾದ ಒಂದು ಜೊತೆ ಬಾಲಗಾಲುಗಳಿವೆ.

ಈಗ ಲೆಕ್ಕ ಹಾಕಿ ನೋಡಿ. ಮೀಸೆ 2, ಬಾಯಿಯ ಉಪಾಂಗ 4, ನಡೆಯುವ ಕಾಲು 7, ಈಜುಗಾಲು 5, ಬಾಲಗಾಲು 1. ಒಟ್ಟು 19 ಜೊತೆ. ಸಿಗಡಿಯಲ್ಲಿ ಎಣಿಸಿದರೂ ಇಷ್ಟೇ ಸಿಗುತ್ತದೆ. ಮೂಲ ನಕ್ಷೆ ಒಂದೇ. ಬಾಳುವ ಜಾಗಕ್ಕೆ ತಕ್ಕಂತೆ ಅಂಗಗಳ ಕೆಲಸ ಮಾತ್ರ ಬದಲಾಗಿದೆ.

ಒಳರಚನೆ: ಉಸಿರು ಮತ್ತು ರಕ್ತ

ಸಿಗಡಿಯ ಕಿವಿರು ಎದೆಯ ಬದಿಯಲ್ಲಿದೆ, ಹೃದಯವೂ ಎದೆಯಲ್ಲಿದೆ. ಸಮಪಾದಿಯಲ್ಲಿ ಉಸಿರಾಟ ನಡೆಯುವುದು ಹೊಟ್ಟೆಯ ಕೆಳಗಿನ ಈಜುಗಾಲುಗಳಲ್ಲಿ. ಆದುದರಿಂದ ಹೃದಯವೂ ಹಿಂದಕ್ಕೆ ಸರಿದು, ಹೊಟ್ಟೆ ಮತ್ತು ಎದೆಯ ಹಿಂಭಾಗದಲ್ಲಿ ನೆಲೆಸಿದೆ. ಪಂಪನ್ನು ನೀರಿರುವ ಕಡೆಗೆ ಇಳಿಸಿ ಕೂರಿಸಿದ ಹಾಗೆ. ಈಜುಗಾಲುಗಳು ಸದಾ ಬೀಸಣಿಗೆಯಂತೆ ಆಡುತ್ತಾ ಹೊಸ ನೀರನ್ನು ತಮ್ಮ ಮೇಲೆ ಹರಿಸಿಕೊಳ್ಳುತ್ತವೆ. ಅವುಗಳ ಚರ್ಮ ಬಹಳ ತೆಳು. ನೀರಿನಲ್ಲಿರುವ ಅಲ್ಪಸ್ವಲ್ಪ ಆಮ್ಲಜನಕವೂ ಒಳಗೆ ಹೋಗಬೇಕಾದರೆ ಹಾಗಿರಲೇಬೇಕು. ಆದರೆ ಆಮ್ಲಜನಕ ಹೋಗುವ ಬಾಗಿಲಿನಲ್ಲಿ ವಿಷವೂ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಈ ಮಾತು ಮುಂದೆ ಬರುತ್ತದೆ.

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಸ್ತುವಿನಲ್ಲಿರುವುದು ಕಬ್ಬಿಣ. ಆದುದರಿಂದ ರಕ್ತ ಕೆಂಪು. ಸಮಪಾದಿಯ ರಕ್ತದಲ್ಲಿ ಆ ಕೆಲಸ ಮಾಡುವುದು ಹೀಮೋಸಯಾನಿನ್ ಎಂಬ ವಸ್ತು, ಅದರಲ್ಲಿರುವುದು ತಾಮ್ರ. ಆಮ್ಲಜನಕ ಸೇರಿದಾಗ ಅದು ತಿಳಿನೀಲಿ ಛಾಯೆ ತಾಳುತ್ತದೆ. ನಾವು ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತಿನಲ್ಲಿರುವ ಲೋಹವೇ ಈ ಪ್ರಾಣಿಯ ಉಸಿರಿಗೂ ಬೇಕು. ಆದರೆ ಎಷ್ಟು ಬೇಕು ಎಂಬುದೇ ಮುಖ್ಯ. ನೆಲದ ಸಮಪಾದಿಗಳು ಸೊಪ್ಪುಸದೆಯಿಂದ ಬಂದ ಹೆಚ್ಚಿನ ತಾಮ್ರವನ್ನು ಜೀರ್ಣಗ್ರಂಥಿಯಲ್ಲಿ ಕೂಡಿಟ್ಟುಕೊಳ್ಳಬಲ್ಲವು. ನೀರಿನಲ್ಲಿ ಕರಗಿದ ತಾಮ್ರ ತೆಳುವಾದ ಕಿವಿರಿನ ಮೇಲೆಯೇ ಬಂದು ಎರಗಿದಾಗ ಆ ಉಪಾಯ ಸಾಲದು.

ಸಮಪಾದಿಗಳು ಪೊರೆ ಬಿಡುವ ರೀತಿಯೂ ವಿಶಿಷ್ಟ. ಏಡಿಯಂತೆ ಒಂದೇ ಸಲಕ್ಕೆ ಹೊದಿಕೆಯನ್ನು ಕಳಚುವುದಿಲ್ಲ. ಮೊದಲು ಹಿಂಭಾಗದ ಅರ್ಧ ಕಳಚುತ್ತದೆ. ಅದು ಗಟ್ಟಿಯಾಗುತ್ತಿರುವಾಗ ಮುಂಭಾಗದ ಅರ್ಧ. ತೋಟದಲ್ಲಿ ಅರ್ಧ ಬಿಳಿ, ಅರ್ಧ ಬೂದು ಬಣ್ಣದ ಹುಳು ಕಂಡರೆ ಅದು ಪೊರೆ ಬಿಡುತ್ತಿದೆ ಎಂದು ತಿಳಿಯಬೇಕು.

ಸಂತಾನ: ಮಡಿಲಲ್ಲಿ ಹೊತ್ತ ಮರಿಗಳು

ಏಡಿ, ಕಡಲ ಸಿಗಡಿಗಳ ಮರಿಗಳು ನೀರಿನಲ್ಲಿ ತೇಲುತ್ತಾ ದೂರ ದೂರ ಹೋಗುವುದುಂಟು. ಸಮಪಾದಿಯಲ್ಲಿ ತೇಲುವ ಮರಿಯ ಹಂತವೇ ಇಲ್ಲ. ಹೆಣ್ಣಿನ ಎದೆಯ ಕೆಳಗೆ, ಕಾಲುಗಳ ಬುಡದಿಂದ ತೆಳುವಾದ ತಟ್ಟೆಗಳು ಬೆಳೆದು ಒಂದರ ಮೇಲೊಂದು ಹಾಸಿ ಚೀಲದಂತಾಗುತ್ತವೆ. ಮೊಟ್ಟೆಗಳು ಆ ಮಡಿಲಲ್ಲೇ ಬಲಿತು ಮರಿಯಾಗುತ್ತವೆ. ಹೊರಬಂದ ಮರಿ ತಾಯಿಯಂತೆಯೇ ಕಾಣುತ್ತದೆ. ಕೊನೆಯ ಒಂದು ಜೊತೆ ಕಾಲು ಮಾತ್ರ ಇನ್ನೂ ಮೂಡಿರುವುದಿಲ್ಲ. ಅಂಥ ಆರು ಜೊತೆ ಕಾಲಿನ ಮರಿಗೆ ‘ಮಾಂಕ’ ಎಂದು ಹೆಸರು.

ಅಂತರ್ಜಲದಲ್ಲಿ ಈ ಕೆಲಸ ಎಷ್ಟು ನಿಧಾನ ಎಂಬುದಕ್ಕೆ ಫ್ರಾನ್ಸಿನ ಗುಹೆಗಳ ನೀರಿನಲ್ಲಿರುವ ಸ್ಟೆನಸೆಲ್ಲಸ್ ಎಂಬ ಕುರುಡು ಸಮಪಾದಿ ಒಳ್ಳೆಯ ನಿದರ್ಶನ. ಹೊಳೆ, ಕೆರೆಗಳಲ್ಲಿ ಬಾಳುವ ಅದರ ನಂಟ ಕೆಲವೇ ವಾರಗಳಲ್ಲಿ ಮರಿ ಮಾಡುತ್ತದೆ. ಸ್ಟೆನಸೆಲ್ಲಸ್ ಮೊಟ್ಟೆಗಳನ್ನು ಮಡಿಲಲ್ಲಿ 9-10 ತಿಂಗಳು ಹೊರುತ್ತದೆ. ನಮ್ಮ ಹೆಂಗಸರ ಬಸುರಿನಷ್ಟೇ ಕಾಲ! ಮೊಟ್ಟೆಗಳ ಸಂಖ್ಯೆಯೂ ಕಡಿಮೆ. ಅದು ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಪ್ರಯೋಗಶಾಲೆಯಲ್ಲಿ 200 ದಿನಗಳ ಕಾಲ ಆಹಾರವಿಲ್ಲದೆ ಇಟ್ಟರೂ ಸಾಯಲಿಲ್ಲ. ಮೇಲಿನಿಂದ ಮಳೆನೀರಿನೊಂದಿಗೆ ಸೋಸಿ ಬಂದ ಕೊಳೆತ ಎಲೆಯ ಅಂಶ, ಬೇರಿನ ಚೂರು, ಕಲ್ಲಿಗೆ ಅಂಟಿದ ಲೋಳೆ, ಇವೇ ಪಾತಾಳದ ಪ್ರಾಣಿಗಳ ಊಟ. ಆದುದರಿಂದ ಬಡವರ ಮನೆಯ ಸಂಸಾರದಂತೆ ಎಲ್ಲವೂ ಮಿತವ್ಯಯ.

ಇದರ ಪರಿಣಾಮವನ್ನು ನಾವು ಗಮನಿಸಬೇಕು. ತೋಟದಲ್ಲಿ ಒಂದು ಕೀಟವನ್ನು ಎಷ್ಟು ಸಲ ಕೊಂದರೂ ಮುಂದಿನ ವರ್ಷ ಮತ್ತೆ ಬರುತ್ತದೆ. ಬಾವಿಯ ತಳದ ಪ್ರಾಣಿ ಹಾಗಲ್ಲ. ಒಮ್ಮೆ ಸತ್ತರೆ ಆ ಜಾಗ ಮತ್ತೆ ತುಂಬಲು ಬಹಳ ವರ್ಷಗಳೇ ಬೇಕು. ಹಾರಿ ಬರಲು ರೆಕ್ಕೆಯಿಲ್ಲ, ತೇಲಿ ಬರಲು ಮರಿಯಿಲ್ಲ.

ಕಾಶಿಗೆ ಬಂದದ್ದು ಹೇಗೆ?

ಹೀಗಿರುವಲ್ಲಿ, ನ್ಯೂಜಿಲೆಂಡಿನ ಬಾವಿಯ ಪ್ರಾಣಿಯ ನಂಟ ಕಾಶಿಯ ಬಾವಿಗೆ ಬಂದದ್ದು ಹೇಗೆ? ಇಂದು ಈ ಗುಂಪಿನ ಪ್ರಾಣಿಗಳು ಸಿಹಿನೀರಿನಲ್ಲಿ ಮಾತ್ರ ಬಾಳುತ್ತವೆ. ಅವು ಸಿಗುವುದು ಆಸ್ಟ್ರೇಲಿಯ, ಟಾಸ್ಮೇನಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಮತ್ತು ಭಾರತಗಳಲ್ಲಿ. ಸಿಹಿನೀರಿನ ಪ್ರಾಣಿ ಇಷ್ಟು ಸಮುದ್ರಗಳನ್ನು ದಾಟಿತೆಂದು ಹೇಳಲು ಬರುವುದಿಲ್ಲ.

ಉತ್ತರ ಭೂಮಿಯ ಚರಿತ್ರೆಯಲ್ಲಿದೆ. ಈ ದೇಶಗಳೆಲ್ಲ ಒಂದು ಕಾಲಕ್ಕೆ ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದವು. ಸುಮಾರು 13 ಕೋಟಿ ವರ್ಷಗಳ ಹಿಂದೆ ಭಾರತದ ಭಾಗ ಆಸ್ಟ್ರೇಲಿಯ ಮತ್ತು ಅಂಟಾರ್ಕ್ಟಿಕದ ಭಾಗದಿಂದ ಬಿರಿದು ಬೇರೆಯಾಯಿತು. ಆಮೇಲೆ ಮಡಗಾಸ್ಕರದಿಂದಲೂ ಕಳಚಿಕೊಂಡಿತು. ಆಗ ಉಕ್ಕಿದ ಲಾವಾ ಆರಿ ಕಂಬಗಳಾಗಿ ನಿಂತಿರುವುದನ್ನು ನಮ್ಮ ಮಲ್ಪೆಯ ಸಮೀಪದ ಸೈಂಟ್ ಮೇರೀಸ್ ದ್ವೀಪದಲ್ಲಿ ಇಂದೂ ನೋಡಬಹುದು. ಆ ಬಂಡೆಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಉತ್ತರಕ್ಕೆ ಸರಿದ ಭಾರತ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ತಾಗಿ, ಹಿಮಾಲಯ ಮೇಲೆದ್ದಿತು. ಬಾವಿ ಸಮಪಾದಿಯ ಪೂರ್ವಿಕರು ಈ ಪಯಣವನ್ನು ನೆಲದೊಳಗಿನ ನೀರಿನಲ್ಲಿ ಕುಳಿತೇ ಮುಗಿಸಿದರು. ಅವುಗಳಿಗೆ ತೀರ ಹತ್ತಿರದ ನಂಟರು ಇರುವುದು ಪಶ್ಚಿಮ ಆಸ್ಟ್ರೇಲಿಯ, ಟಾಸ್ಮೇನಿಯಗಳ ಕಡೆ ಎಂಬುದು ಈ ಮಾತಿಗೆ ಆಧಾರ. ಕಾಶಿಯ ಸುತ್ತಲಿನ ಗಂಗಾ ಮೈದಾನದ ಮೆಕ್ಕಲು ಹಿಮಾಲಯ ಎದ್ದ ಮೇಲೆ ಬಂದು ತುಂಬಿದ್ದು. ಪ್ರಾಣಿಯ ಮನೆತನ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು.

ಈ ಗುಂಪಿನ ಪಳೆಯುಳಿಕೆ ಅಮೆರಿಕದ ಇಲಿನಾಯ್ ಪ್ರಾಂತದ ಸುಮಾರು 30 ಕೋಟಿ ವರ್ಷಗಳ ಹಿಂದಿನ ಸಮುದ್ರದ ಶಿಲೆಯಲ್ಲಿ ದೊರೆತಿದೆ. ತಿಳಿದಿರುವ ಸಮಪಾದಿಗಳಲ್ಲಿ ಅದೇ ಅತಿ ಹಳೆಯದು. ಬಾವಿ ಸಮಪಾದಿಯ ಬಿಡಿಬಿಡಿಯಾದ ಹೊಟ್ಟೆಯ ಪಟ್ಟಿಗಳನ್ನು ಹಳೆಯ ಮಾದರಿ ಎಂದು ಕರೆದುದು ಈ ಕಾರಣದಿಂದಲೇ.

ನೀರಿಗೆ ಇವುಗಳಿಂದ ಪ್ರಯೋಜನವೇನು?

ನೆಲದೊಳಗಿನ ಮರಳಿನ ಕಣಗಳ ಮೇಲೆ ಬ್ಯಾಕ್ಟೀರಿಯಗಳ ಲೋಳೆಪದರ ಬೆಳೆಯುತ್ತದೆ. ನೀರಿನೊಂದಿಗೆ ಇಳಿದ ಕೊಳೆಯನ್ನು ಒಡೆದು ಶುದ್ಧಮಾಡುವುದು ಈ ಬ್ಯಾಕ್ಟೀರಿಯಗಳೇ. ಆದರೆ ಲೋಳೆ ಅತಿಯಾಗಿ ಬೆಳೆದರೆ ಸಂದುಗಳು ಕಟ್ಟಿಕೊಂಡು ನೀರಿನ ಹರಿವು ನಿಧಾನವಾಗುತ್ತದೆ. ಸಮಪಾದಿ ಮತ್ತು ಅದರ ಜೊತೆಯ ಚಿಕ್ಕ ಪ್ರಾಣಿಗಳು ಈ ಲೋಳೆಯನ್ನು ಮೇಯುತ್ತವೆ, ಕೆಸರನ್ನು ಕೆದಕುತ್ತವೆ, ಸಂದುಗಳನ್ನು ತೆರವುಮಾಡುತ್ತವೆ. ತೋಟದ ಮಣ್ಣಿನಲ್ಲಿ ಎರೆಹುಳು ಮಾಡುವ ಕೆಲಸವನ್ನು ಒರತೆಯ ಹಿಂದೆ ಇವು ಮಾಡುತ್ತವೆ ಎನ್ನಬಹುದು.

ಒಂದು ಎಚ್ಚರಿಕೆ ಅಗತ್ಯ. ಬಾವಿಯಲ್ಲಿ ಇಂಥ ಪ್ರಾಣಿ ಕಂಡರೆ ನೀರು ಕೆಟ್ಟಿತೆಂದು ಹೆದರಬೇಕಾಗಿಲ್ಲ. ಹಾಗೆಯೇ, ಪ್ರಾಣಿ ಇದೆ ಎಂದ ಮಾತ್ರಕ್ಕೆ ನೀರಿನಲ್ಲಿ ರೋಗಾಣುಗಳಿಲ್ಲ ಎಂದೂ ಅರ್ಥವಲ್ಲ. ಕುಡಿಯುವ ನೀರನ್ನು ಸೋಸಿ ಕುದಿಸುವ ಅಭ್ಯಾಸವನ್ನು ಬಿಡಬಾರದು.

ನಮ್ಮ ಕೈಯಿಂದ ಆಗುವ ಹಾನಿ

ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ಬೆಳೆಗಾರರು ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಸುರಂಗದಿಂದ ನೀರು ತೆಗೆಯುವುದು ಎಲ್ಲರಿಗೂ ತಿಳಿದ ವಿಷಯ. ಮುರಕಲ್ಲು ತೂತುತೂತಾದ ಕಲ್ಲು. ನೀರಿಗೆ ದಾರಿ ಕೊಡುವ ಆ ತೂತುಗಳು ಪ್ರಾಣಿಗಳಿಗೂ ಮನೆ. ಇಂಥದೇ ಕಲ್ಲಿನ ನಾಡಾದ ಕೇರಳದ ಕೋಟಯಂ ಕಡೆಯ ಬಾವಿಗಳಿಂದ ಹೊರಗ್ಲಾನಿಸ್ ಎಂಬ ಕುರುಡು ಮೀನು ವಿಜ್ಞಾನಿಗಳ ಕೈಸೇರಿದ್ದೂ 1950ರಲ್ಲಿಯೇ. 2019ರಲ್ಲಿ ಕೋಯಿಕ್ಕೋಡು ಕಡೆಯ ಬಾವಿಯಿಂದ ಹಾವಿನಂತೆ ಸಪೂರವಾದ ಇನ್ನೊಂದು ಮೀನು ವರದಿಯಾಯಿತು. ಆದರೆ ತೂತಿನ ಕಲ್ಲು ಮೇಲಿನ ಕೊಳೆಯನ್ನೂ ಬೇಗನೆ ಕೆಳಗಿಳಿಸುತ್ತದೆ.

ಬೋರ್ಡೋ ದ್ರಾವಣದ ಲೆಕ್ಕವನ್ನೇ ನೋಡೋಣ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎರಡೂವರೆ ಗ್ರಾಂ ತಾಮ್ರವಿದೆ. ಹತ್ತು ಅಡಿ ಅಗಲದ ಬಾವಿಯಲ್ಲಿ ಹತ್ತು ಅಡಿ ನೀರಿದ್ದರೆ ಅದು ಸುಮಾರು 22,000 ಲೀಟರ್. ಡ್ರಮ್ಮು ತೊಳೆದ ನೀರಿನೊಂದಿಗೆ ಒಂದೇ ಲೀಟರ್ ದ್ರಾವಣ ಅದಕ್ಕೆ ಬಿದ್ದರೂ, ಒಟ್ಟು ನೀರಿಗೆ ಹಂಚಿದರೆ ಲೀಟರಿಗೆ ಒಂದು ಮಿಲಿಗ್ರಾಂನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ತಾಮ್ರವಾಯಿತು. ಕುಡಿಯುವ ನೀರಿಗೆ ಭಾರತೀಯ ಮಾನಕವು ಅಪೇಕ್ಷಿಸುವ ಮಿತಿ 0.05 ಮಿಲಿಗ್ರಾಂ. ಬೇರೆ ನೀರಿಲ್ಲದಾಗ ಮನುಷ್ಯನಿಗೆ 1.5 ಮಿಲಿಗ್ರಾಂವರೆಗೆ ಸೈರಿಸಬಹುದೆಂದು ಅದು ಹೇಳುತ್ತದೆ. ಆದರೆ ನೀರಿನ ಚಿಗಟದಂಥ ಚಿಕ್ಕ ವಲ್ಕವಂತಗಳು ಮೆದುನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಕಡಿಮೆ ಕರಗಿದ ತಾಮ್ರಕ್ಕೇ ಸಾಯುತ್ತವೆ. ಮಲೆನಾಡಿನ ನೀರು ಮೆದುನೀರೇ.

ಸುಣ್ಣ ಬೆರೆತ ದ್ರಾವಣದಲ್ಲಿ ತಾಮ್ರದ ಹೆಚ್ಚಿನ ಪಾಲು ಕರಗದೆ ತಳಕ್ಕೆ ಇಳಿಯುತ್ತದೆ, ತೋಟದ ಮಣ್ಣು ಕೂಡ ತಾಮ್ರವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನಿಜ. ಆದುದರಿಂದ ಮರಕ್ಕೆ ಹೊಡೆದ ಔಷಧಿಗಿಂತ ಬಾವಿಕಟ್ಟೆಯ ಬಳಿ ಚೆಲ್ಲಿದ ಔಷಧಿಯೇ ಹೆಚ್ಚು ಅಪಾಯಕಾರಿ. ತಳಕ್ಕೆ ಇಳಿದರೂ ಸಮಪಾದಿ ಬಾಳುವುದು ತಳದಲ್ಲಿಯೇ ಎಂಬುದನ್ನು ಮರೆಯಬಾರದು.

ಕೀಟನಾಶಕಗಳ ವಿಷಯ ಇನ್ನೂ ಸರಳ. ಕೀಟಗಳೂ ವಲ್ಕವಂತಗಳೂ ಸಂಧಿಪದಿಗಳೆಂಬ ಒಂದೇ ವಂಶದವು, ನರಗಳ ರಚನೆಯಲ್ಲಿ ದಾಯಾದಿಗಳು. ಬೇರುಹುಳಕ್ಕೂ ಕಾಂಡಕೊರಕಕ್ಕೂ ವಿಷವಾದದ್ದು ಸಮಪಾದಿಗೂ ವಿಷವೇ. ಕಾಫಿ ಪಲ್ಪರಿನ ನೀರು ಬೇರೆ ರೀತಿಯಲ್ಲಿ ಕೊಲ್ಲುತ್ತದೆ. ಅದರಲ್ಲಿರುವ ಸಿಹಿಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಆಮೇಲೆ ಈಜುಗಾಲುಗಳು ಎಷ್ಟು ಬೀಸಿದರೂ ಫಲವಿಲ್ಲ.

ಆದುದರಿಂದ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕೆಂದು ವಿನಂತಿ:

(1) ಬೋರ್ಡೋ ದ್ರಾವಣವನ್ನು ಬಾವಿ, ಕೆರೆ, ಸುರಂಗದ ಬಾಯಿಗಳಿಂದ ದೂರದಲ್ಲಿ, ಅವುಗಳಿಗಿಂತ ತಗ್ಗಿನ ಜಾಗದಲ್ಲಿ ತಯಾರಿಸಬೇಕು. ಬೇಕಾದ ನೀರನ್ನು ಅಲ್ಲಿಗೇ ಸಾಗಿಸಬೇಕು.

(2) ಡ್ರಮ್ಮು, ಪಂಪು, ಪೈಪುಗಳನ್ನು ಬಾವಿಕಟ್ಟೆಯಲ್ಲಿ ತೊಳೆಯಬಾರದು. ತೊಳೆದ ನೀರನ್ನು ಮುಂದಿನ ದ್ರಾವಣಕ್ಕೇ ಬಳಸುವುದು ಉತ್ತಮ. ಮಿಕ್ಕ ದ್ರಾವಣವನ್ನು ಬಸಿಗಾಲುವೆಗೆ ಚೆಲ್ಲಬಾರದು.

(3) ಬಾವಿಯ ಸುತ್ತ ಕಟ್ಟೆ ಎತ್ತರಿಸಿ, ಮಳೆನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಬೇಕು.

(4) ಬೋರ್‌ವೆಲ್ ಮರುಪೂರಣ ಮಾಡುವವರು ತೋಟದ ಬಸಿಗಾಲುವೆಯ ನೀರನ್ನು ಅದಕ್ಕೆ ತಿರುಗಿಸಬಾರದು. ಮಾಡಿನ ನೀರನ್ನೂ ಜಲ್ಲಿ ಮರಳಿನಲ್ಲಿ ಸೋಸಿಯೇ ಇಳಿಸಬೇಕು. ಮಣ್ಣಿನ ಶೋಧನೆಯನ್ನು ತಪ್ಪಿಸಿ ನೇರವಾಗಿ ಪಾತಾಳಕ್ಕೆ ಇಳಿದ ವಿಷವನ್ನು ಯಾರಿಂದಲೂ ಹಿಂದಕ್ಕೆ ತೆಗೆಯಲಾಗದು.

(5) ಪಲ್ಪರಿನ ನೀರನ್ನು ಬಾವಿಯ ಮೇಲ್ಭಾಗದ ಗುಂಡಿಗಳಲ್ಲಿ ನಿಲ್ಲಿಸಬಾರದು.

(6) ನೆರೆಯ ನೀರು ನುಗ್ಗಿದಾಗ, ಇಲ್ಲವೆ ಕಾಲರಾ, ಕರುಳುಬೇನೆ ಹರಡಿದಾಗ ಆರೋಗ್ಯ ಇಲಾಖೆಯವರು ಹೇಳಿದಂತೆ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲೇಬೇಕು. ಅದರಿಂದ ಈ ಪ್ರಾಣಿಗಳಿಗೆ ಹಾನಿಯಾದರೂ ಮನುಷ್ಯನ ಪ್ರಾಣ ಮೊದಲು. ಕಾರಣವಿಲ್ಲದೆ, ಅಳತೆಯಿಲ್ಲದೆ ಸುರಿಯುವುದು ಬೇಡ.

ನೋಡಬಯಸುವವರಿಗೆ

ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರು ಒಂದು ಸುಲಭ ಪ್ರಯೋಗ ಮಾಡಬಹುದು. ಪಂಪಿನ ಪೈಪಿನ ಬಾಯಿಗೆ ನಯವಾದ ಬಿಳಿ ಬಟ್ಟೆ ಕಟ್ಟಿ ಅರ್ಧ ಗಂಟೆ ನೀರು ಹರಿಯಬಿಡಿ. ಬಟ್ಟೆಯನ್ನು ಸ್ವಲ್ಪ ನೀರಿರುವ ತಟ್ಟೆಯಲ್ಲಿ ಮೆಲ್ಲನೆ ಅಲುಗಿಸಿ, ಭೂತಗನ್ನಡಿ ಹಿಡಿದು ನೋಡಿ. ಬಿಳಿಯ ಚುಕ್ಕೆಗಳು ಓಡಾಡಿದರೆ ಕಾಲು, ಮೀಸೆಗಳನ್ನು ಎಣಿಸಿ. ಜಿಗಿಯುವ ಕಾಳಿನಂಥವು ನೀರಿನ ಚಿಗಟದ ಕಡೆಯವು. ಪಟ್ಟಿಪಟ್ಟಿಯಾಗಿ ಏಳು ಜೊತೆ ಕಾಲಿನಲ್ಲಿ ತೆವಳುವುದು ಕಂಡರೆ ಅದು ಸಮಪಾದಿ ಇರಬಹುದು. ಅಂಥದು ಸಿಕ್ಕಿದರೆ ಸಮೀಪದ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ. ಕಾಶಿಯ ಪ್ರಾಣಿ ಬೆಳಕಿಗೆ ಬಂದದ್ದು ಜನ ದಿನವೂ ನೀರು ಸೇದುತ್ತಿದ್ದ ಬಾವಿಗಳಿಂದ. ನ್ಯೂಜಿಲೆಂಡಿನದು ಹೊಲದ ಮನೆಯ ಪಂಪಿನಿಂದ. ನೋಡಿ ಮುಗಿದ ಮೇಲೆ ಉಳಿದವನ್ನು ಮರಳಿ ಬಾವಿಗೆ ಬಿಡುವುದನ್ನು ಮರೆಯಬೇಡಿ. ನಮಗಿಂತ ಮೊದಲೇ ಆ ನೀರಿನಲ್ಲಿ ಒಕ್ಕಲಿದ್ದವು ಅವು.